ಮೆಕ್ಯಾನಿಕ್ ಹೇಳಿಕಳಿಸಿದ ಮಾತು

ಗುರುವಾರ. ರಾತ್ರಿ ಎರಡೂವರೆ.

ಕರಕರ ಸದ್ದಿಗೆ ಧಡಕ್ಕನೆ ಎದ್ದು ಕೂತೆ. ವ್ಯಾನ್ ಅಲ್ಲ, ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಲಾಗಲಿಲ್ಲ.

ಸಂಜೆ ವ್ಯಾನ್ ತಂದುಬಿಟ್ಟ ಮೆಕ್ಯಾನಿಕ್ ಬಿಡಿಸಿ ಹೇಳಿದ್ದ: "ಅಕ್ಕಾ, ಹಳೇ ಸ್ಟಾರ್ಟರ್‌ಗೇ ಹೊಸ ಬ್ರಷ್ ಹಾಕಿದ್ದೀನಿ. ಒಳಗಿನ ಸ್ವಿಚ್ ಮಾತ್ರ ಒಂದೊಂದ್ಸಲ ಅಂಟ್ಕೊಳ್ಳುತ್ತೆ. ಕೀ ಬಿಟ್ಟ ಮೇಲೂ ಕರಕರ ಅಂತಿದ್ರೆ ತಕ್ಷಣ ಬ್ಯಾಟರಿ ವೈರ್ ತೆಗೆದುಬಿಡ್ಬೇಕು, ಇಲ್ಲಾಂದ್ರೆ ಬೆಂಕಿ ಹತ್ಕೊಳ್ಳುತ್ತೆ. ಅಣ್ಣಂಗೆ ಮರೀದೆ ಹೇಳಿ."

ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೇ.

ಇವತ್ತೊಂದು ರಾತ್ರಿ ಮನೆಯಲ್ಲಿರಿ ಎಂದು ಅಂಗಲಾಚಿದರೂ ಇವರು ಬಾಡಿಗೆ ಒಪ್ಪಿಕೊಂಡಿದ್ದರು. ಅದಕ್ಕೇ ಮಾತು ಬಿಟ್ಟಿದ್ದೆ. "ಮೆಕ್ಯಾನಿಕ್ ಏನಾದ್ರೂ ಹೇಳಿದ್ನಾ?" ಎಂದು ಇವರೇ ಕೇಳಿದರು.

"ನಿಮ್ಮ ವ್ಯಾನ್, ನೀವೇ ಕೇಳ್ಕೊಳ್ಳಿ" ಎಂದೆ.

"ವ್ಯಾನ್ ರಿಪೇರಿ ಆಯ್ತು, ಇನ್ನು ನಿಮ್ಮಮ್ಮಂದೊಂದು ಬಾಕಿ" ಎಂದು ಮಗಳ ಕೆನ್ನೆ ಹಿಂಡಿ, ನಗುತ್ತಲೇ ಹೊರಟರು. ಸಿಟ್ಟು ಮಾಡಿಕೊಂಡು ಹೋಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಎಷ್ಟು ಸಲ ಮಾಡಿದರೂ ಫೋನ್ ಸ್ವಿಚ್ ಆಫ್. ಕಳಿಸಿದ ಮೆಸೇಜಿಗೆ ಇನ್ನೂ ಒಂದೇ ಟಿಕ್. ಸರಕು ಇಳಿಸಿ ವ್ಯಾನಿನಲ್ಲೇ ಮಲಗಿರುತ್ತಾರೆ. ಬೆಳಕು ಹರಿಯುತ್ತಲೇ ಅರೆನಿದ್ದೆಯಲ್ಲಿ ಕೀ ತಿರುಗಿಸುತ್ತಾರೆ. ಆ ಸದ್ದು ಕೇಳಿದರೂ ಏನು ಮಾಡಬೇಕೆಂದು ಅವರಿಗೆ ಗೊತ್ತಿಲ್ಲ. ಗೊತ್ತಿರುವವಳು ಇಲ್ಲಿ ಕೂತಿದ್ದೇನೆ.

ರೀ, ಈ ಡೈರಿಯನ್ನು ನೀವು ಓದುವುದಿಲ್ಲ, ಗೊತ್ತು. ಆದರೂ ಎಚ್ಚರವಾದ ಕೂಡಲೇ ಫೋನ್ ಆನ್ ಮಾಡಿ. ಕೀ ಮುಟ್ಟಬೇಡಿ. ಬೇಕಾದಷ್ಟು ಬೈಯಿರಿ, ತಿಂಗಳುಗಟ್ಟಲೆ ಮಾತು ಬಿಡಿ, ಬೆಳಗಾಗುವುದರೊಳಗೆ ಒಂದೇ ಒಂದು ಫೋನ್ ಮಾಡಿ, ದಮ್ಮಯ್ಯ, ಒಂದೇ...