ದೂರದಿರು

ಸೋಮವಾರ, ೪
ಡ್ರಿಲ್ ಸದ್ದಿಗೆ ಮಗ್ಗಿ ಅರ್ಧಕ್ಕೇ ನಿಂತಿತು. ಪ್ರತಿ ಕ್ಲಾಸಿನಲ್ಲೂ ಕರಿಹಲಗೆಯ ಮೇಲೆ ಧರ್ಮಗ್ರಂಥದ ಸಾಲುಗಳ ಫಲಕ. ಸರ್ಕಾರಿ ಆದೇಶ. ಒಡೆದ ಕಿಟಕಿಗೆ ಗಾಜು ಕೇಳಿ ಕೇಳಿ ಬಾಯಿ ನೋಯಿತು, ಅದಕ್ಕೆ ಆದೇಶವಿಲ್ಲ. ಹಾಗೆಂದಿದ್ದಕ್ಕೆ ಹೆಡ್‌ಮಾಸ್ಟರು ಕೈಮುಗಿದರು — "ಅಮ್ಮಾ ತಾಯಿ, ನನ್ನ ಪೆನ್ಷನ್‌ಗೆ ಕಲ್ಲು ಹಾಕ್ಬೇಡಿ."

ಬುಧವಾರ, ೬
ನಮ್ಮ 'ಪಿಸುಗುಟ್ಟಿ' ಇವತ್ತು ಓದಿದಳು! ಮೂರನೇ ಕ್ಲಾಸಾದರೂ ಒತ್ತಕ್ಷರ ಕಂಡರೆ ಬೆವರುವವಳು. ಮಾತೆಲ್ಲ ಪಿಸುಪಿಸು, ಅದಕ್ಕೇ ಆ ಅಡ್ಡಹೆಸರು. ತಾನಾಗಿ ಎದ್ದು ನಿಂತು ಫಲಕದ ಸಾಲು ಗಟ್ಟಿಯಾಗಿ ಓದಿದಳು — "ಹೆತ್ತವರ ದೂರದಿರು."
ಮುಖ ಅರಳಿತ್ತು. "ಅಪ್ಪ ಅಮ್ಮನಿಂದ ದೂರ ಇರು ಅಂತ ಅಲ್ವಾ ಟೀಚರ್? ದೇವ್ರೇ ಹೇಳಿದ್ದಾ?"
ಕ್ಲಾಸೆಲ್ಲ ನಕ್ಕಿತು. ನಾನೂ. "ಅಲ್ಲ ಕಣೇ, ಅದು ಹಳೇ ಕಾಲದ ಮಾತು. ದೂರಬೇಡ ಅಂತ. ಅವರ ಮೇಲೆ ಯಾರ ಹತ್ರಾನೂ ದೂರು ಹೇಳ್ಬಾರ್ದು."
ಕೂತಳು. ಒತ್ತಕ್ಷರ ಬಂತಲ್ಲ, ನನಗೆ ಅದೇ ಹಬ್ಬ.

ಸೋಮವಾರ, ೧೮
ಪಿಸುಗುಟ್ಟಿಯ ತೋಳಿನ ಮೇಲೆ ಬಾಸುಂಡೆ. ಬೆಲ್ಟಿನಷ್ಟು ಅಗಲ. ಮಕ್ಕಳನ್ನು ಆಟಕ್ಕೆ ಬಿಟ್ಟು ಕೇಳಿದೆ, ಯಾರೇ ಹೊಡೆದಿದ್ದು, ಅಪ್ಪನಾ? ನನ್ನನ್ನು ನೋಡಲಿಲ್ಲ. ಫಲಕ ನೋಡಿದಳು.
"ಬಿದ್ದೆ ಟೀಚರ್."
ಅವತ್ತು ಅವಳು ಓದಿ ತೋರಿಸಿದ್ದಲ್ಲ. ಕೇಳಿದ್ದು… ದೂರ ಇರಬಹುದಾ ಅಂತ.
"ಹೇಳ್ಬಹುದು ಪುಟ್ಟಿ. ನಾನು ಹೇಳಿದ್ದು ತಪ್ಪು."
"ನೀವಲ್ಲ ಟೀಚರ್, ದೇವ್ರು ಹೇಳಿದ್ದು."

ಮಂಗಳವಾರ, ೧೯
ಪೊಲೀಸ್ ಸ್ಟೇಷನ್‌ಗೆ ಹೋದೆ. "ಮಗು ಬಾಯಿ ಬಿಡ್ಲಿ ಮೇಡಂ, ಆಮೇಲೆ ನೋಡೋಣ." ಹೆಡ್‌ಮಾಸ್ಟರು ಅದಕ್ಕಿಂತ ಬುದ್ಧಿವಂತರು — ಅವಳ ಅಪ್ಪನನ್ನೇ ಕರೆಸಿ ಬುದ್ಧಿ ಹೇಳುತ್ತಾರಂತೆ. ಬೇಡ ಸಾರ್, ಮನೇಲಿ ಅವಳನ್ನ ಉಳಿಸಲ್ಲ ಅಂತ ಗೋಗರೆದೆ. ಕರೆಸಿದರು. ಬಂದ. ಇಸ್ತ್ರಿ ಮಾಡಿದ ಶರ್ಟು, ಮೆದು ಮಾತು. ನನಗೂ ನಮಸ್ಕಾರ ಮಾಡಿದ.

ಶುಕ್ರವಾರ, ೨೨
ಅವಳ ಜಾಗ ಖಾಲಿ. ನಿನ್ನೆಯೂ ಖಾಲಿ. ಸಂಜೆ ಮನೆಗೆ ಹೋದೆ — ಬೀಗ.

ಸೋಮವಾರ, ೨೫
ಅವಳ ಅಪ್ಪ ಬಂದು ಟಿ.ಸಿ. ಇಸ್ಕೊಂಡು ಹೋದನಂತೆ. ಯಾವ ಊರು ಅಂತ ಕೇಳಿದ್ರಾ ಸಾರ್?
"ಬಹಳ ದೂರ ಅಂದ."
ಕ್ಲಾಸಿಗೆ ಬಂದು ಕುರ್ಚಿ ಹತ್ತಿದೆ. ಫಲಕ ಕಿತ್ತೆ. ಗೋಡೆಯ ಗಾರೆ ಮೈಮೇಲೆಲ್ಲ ಉದುರಿತು. ಬಾಗಿಲಲ್ಲಿ ಹೆಡ್‌ಮಾಸ್ಟರು ಕೂಗಾಡುತ್ತಿದ್ದರು. ಸಸ್ಪೆಂಡ್ ಅಂತೆ, ಮಾಡಲಿ. ಅವತ್ತು ನಗದೆ, ಹೌದು ಕಣೇ, ನೀನು ಓದಿದ್ದೇ ಸರಿ ಅಂದಿದ್ದರೆ… ಅಷ್ಟು ಅಂದಿದ್ದರೆ ಆ ಮಗು ನನ್ನ ಹತ್ತಿರವಾದರೂ ಬಾಯಿ ಬಿಡುತ್ತಿತ್ತು.