ಕಂಪ್ಯೂಟರಿನೊಳಗಿನ ಮನೆಗೆ ವಾಸ್ತು

ಆಗಸ್ಟ್ 5, 2002. ಸೋಮವಾರ

ಮೊದಲು ಅವರ ತಿಂಡಿ, ಆಮೇಲೆ ನನ್ನದು. ಪುಟ್ಟಿಯನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದ್ದಾಯಿತು. ರಾಘುವಿಗೆ ಸ್ನಾನವಾಯಿತು. ಮಾಧು ಇನ್ನೂ ಎದ್ದಿಲ್ಲ. ಎಬ್ಬಿಸಿದರೆ ಏನೋ ಬೈದಳು. ಗೇಮಿನ ಭಾಷೆ, ಯಾರಿಗೂ ಅರ್ಥವಾಗುವುದಿಲ್ಲ. ಬೈಗುಳ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ನಲವತ್ತೊಂದು ವರ್ಷದ ಮ್ಯಾಥ್ಸ್ ಮೇಷ್ಟ್ರು, ಕಂಪ್ಯೂಟರಿನಲ್ಲಿ ಗೊಂಬೆಗಳ ಸಂಸಾರ ನಡೆಸುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಗೊತ್ತಾದರೆ ಮುಗಿಯಿತು ಕಥೆ.

ನಿನ್ನೆ ಇಡೀ ದಿನ ಕೂತು ತನ್ಮಯಿ ಈ ಮೂವರನ್ನು ಮಾಡಿದಳು. ಒಂಬತ್ತು ವರ್ಷದ ಹುಡುಗಿ, ಮನೆ ಕಟ್ಟಿದಳು, ಗೋಡೆಗೆ ಹಳದಿ ಬಣ್ಣ ಹೊಡೆದಳು. ರಾಘು ಅಂದರೆ ನಾನಂತೆ. ಮಾಧು ಅವಳ ಅಮ್ಮ ಮಾಧವಿ. ಪುಟ್ಟಿ ತಾನೇ. ಮೂವರೂ ಒಂದೇ ಮನೆಯಲ್ಲಿ.

ಮಾಧವಿ ಅವಳನ್ನು ಕರೆದುಕೊಂಡು ಬಸವನಗುಡಿಯ ತವರಿಗೆ ಹೋಗಿ ಹದಿನಾಲ್ಕು ತಿಂಗಳು. ಅಲ್ಲಿ ಕಂಪ್ಯೂಟರ್ ಇಲ್ಲ. ಕೋರ್ಟು ನನಗೆ ಕೊಟ್ಟಿರುವುದು ಹದಿನೈದು ದಿನಕ್ಕೊಂದು ಭಾನುವಾರ, ಹತ್ತರಿಂದ ಐದು. ಹಾಗಾಗಿ ಹೊರಡುವಾಗ ಮಾನಿಟರಿಗೆ ಚೀಟಿ ಅಂಟಿಸಿ ಹೋಗಿದ್ದಾಳೆ: "ಅಪ್ಪಾ, ಮೂರು ಜನಾನೂ ಹಸಿರಲ್ಲಿರಬೇಕು. ಕೆಂಪಾದ್ರೆ ನಂಗೆ ಹೇಳ್ಬೇಕು. ಸುಳ್ಳು ಹೇಳ್ಬಾರ್ದು." ಹಸಿರೆಂದರೆ ಖುಷಿ. ಕೆಂಪೆಂದರೆ ದುಃಖ. ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಇದೆ.

ಅಕ್ಟೋಬರ್ ಮೂರಕ್ಕೆ ಕೋರ್ಟಿನ ಕೌನ್ಸೆಲರ್ ತನ್ಮಯಿಯನ್ನು ಒಬ್ಬಳೇ ಕೂರಿಸಿಕೊಂಡು ಕೇಳುತ್ತಾರೆ, ಅಪ್ಪನ ಮನೆಗೆ ಹೋಗಲು ಇಷ್ಟವಿದೆಯೇ ಎಂದು. ಹೂಂ ಅಂದರೆ ದಸರಾ ರಜ ಪೂರ್ತಿ ಇಲ್ಲಿ. ಊಹೂಂ ಅಂದರೆ ಈ ಭಾನುವಾರವೂ ಹೋಯಿತು. ವಕೀಲರು ಹೇಳಿದ್ದು ಇಷ್ಟೇ: "ಮಗೂನ ಖುಷಿಯಾಗಿಟ್ಕೊಳ್ಳಿ ಸಾರ್. ಇನ್ನೇನೂ ಇಲ್ಲ ಇದ್ರಲ್ಲಿ."

ಆಗಸ್ಟ್ 7. ಬುಧವಾರ, ಸಂಜೆ 7

ಬುಧವಾರದ ಫೋನು. ಐದು ನಿಮಿಷ.

"ಎಲ್ರೂ ಹಸಿರಾ ಅಪ್ಪಾ?"

"ರಾಘು ಹಸಿರು. ಪುಟ್ಟಿ ಹಸಿರು."

"ಮಾಧು?"

"ಸ್ವಲ್ಪ ಹಳದಿ."

"ಮಾತಾಡ್ಸು ಅವಳನ್ನ. ಬರೀ ಊಟ ಹಾಕ್ಬಿಟ್ರೆ ಆಗಲ್ಲ. ನೀನು ರಾಘೂನ ಪೇಪರ್ ಓದೋಕೆ ಕೂರಿಸ್ಬಿಡ್ತೀಯ ಅಲ್ವಾ?"

ಇವಳಿಗೆ ಹೇಗೆ ಗೊತ್ತಾಯಿತು? ಭಾನುವಾರ ನನಗಿದ್ದ ತಲೆನೋವು ಹೋಯಿತೇ ಎಂದು ಕೇಳಲಿಲ್ಲ. ಬೇಡ ಬಿಡು. ಐದು ನಿಮಿಷ ಮಾತಾಡಿದಳಲ್ಲ, ಹೋದ ತಿಂಗಳು ಹೂಂ, ಊಹೂಂ ಬಿಟ್ಟು ಬೇರೆ ಮಾತಿರಲಿಲ್ಲ.

ಆಗಸ್ಟ್ 18. ಭಾನುವಾರ

ರಾಘು ಜೋಕ್ ಹೇಳಿದ, ಮಾಧು ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ಮಯಿ ಚಪ್ಪಾಳೆ ತಟ್ಟಿದಳು. "ನೋಡಪ್ಪಾ, ಎಷ್ಟು ಸುಲಭ!" ಐದಕ್ಕೆ ಮಾವ ರಾಮಾನುಜ ಆಟೋ ತಂದರು. ಅವರು ಗೇಟು ದಾಟುವುದಿಲ್ಲ. ಅಲ್ಲಿಂದಲೇ ಕರೆದರು.

"ಇನ್ನೊಂದ್ಹತ್ತು ನಿಮಿಷ ತಾತಾ!"

ಹತ್ತು ನಿಮಿಷ. ಇಲ್ಲಿರಲು ನನ್ನ ಮಗಳು ಇನ್ನೂ ಹತ್ತು ನಿಮಿಷ ಕೇಳಿದಳು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಸೆಪ್ಟೆಂಬರ್ 5. ಗುರುವಾರ

ಒಂದನೇ ತಾರೀಕಿನ ಭಾನುವಾರ ತನ್ಮಯಿಗೆ ಜ್ವರ, ಬರಲಿಲ್ಲ. ಇತ್ತ ಮಾಧು ವಾರದಿಂದ ಕೆಂಪು. ಹೊಸ ಸೋಫಾ ಕೊಡಿಸಿದೆ. ಟಿವಿ ಕೊಡಿಸಿದೆ. ರಾಘುವಿನ ಕೈಲಿ ಹೂ ಕೊಡಿಸಿದೆ, ತಳ್ಳಿದಳು. ಅಡುಗೆಮನೆಯ ನಡುವೆ ನಿಂತುಕೊಂಡು ಗೊಳೋ ಅಂತ ಅಳುತ್ತಾಳೆ. ಇವಳಿಗೆ ಏನು ಬೇಕು? ಬಾಯಿ ಬಿಟ್ಟು ಹೇಳಬಾರದೇ?

ನಮ್ಮಮ್ಮ ಹಿಂದೆ ನಿಂತು ನೋಡುತ್ತಿದ್ದಳು. ಜಾನಕಮ್ಮನವರಿಗೆ ಮಲ್ಲೇಶ್ವರದ ಅರ್ಧ ಮನೆಗಳ ವಾಸ್ತು ಬಾಯಿಪಾಠ.

"ಈಶಾನ್ಯದಲ್ಲಿ ಬಚ್ಚಲು ಕಟ್ಟಿದ್ದೀಯಲ್ಲೋ. ಮಲಗೋ ಕೋಣೆಗೆ ದಕ್ಷಿಣಕ್ಕೆ ಬಾಗಿಲು. ಹೆಂಗಸು ಅಳದೆ ಇನ್ನೇನು ಮಾಡ್ತಾಳೆ?"

"ಅಮ್ಮಾ, ಇದು ಕಂಪ್ಯೂಟರು. ಇದಕ್ಕೆ ದಿಕ್ಕೆಲ್ಲಿಂದ ಬಂತು?"

"ಕಂಪ್ಯೂಟರ್ ಎಲ್ಲಿದೆ? ನಮ್ಮನೇಲಿ. ನಮ್ಮನೆಗೆ ದಿಕ್ಕಿಲ್ವಾ?"

ಕಿಟಕಿಯ ಕಡೆ ಕೈ ತೋರಿಸಿ, ಅದು ಪೂರ್ವ, ಹಾಗಾದರೆ ಇದು ದಕ್ಷಿಣ ಎಂದು ಸ್ಕ್ರೀನಿನ ನಾಲ್ಕು ಮೂಲೆಗೂ ಬೆರಳಿಟ್ಟು ಹೇಳಿದಳು. ಬಹಳ ದಿನದ ಮೇಲೆ ನಕ್ಕೆ.

ಸೆಪ್ಟೆಂಬರ್ 11. ಬುಧವಾರ

ಫೋನು.

"ಇನ್ನೂ ಕೆಂಪಾ?"

"ಎಲ್ಲ ಮಾಡಿ ನೋಡಿದೆ ಕಂದಾ."

"ನಿನ್ನ ಹತ್ರ ಬಿಟ್ರೆ ಹೀಗೇ ಆಗತ್ತೆ ಅಂದ್ಲು ಅಮ್ಮ."

ಎರಡನೇ ನಿಮಿಷಕ್ಕೆ ಇಟ್ಟುಬಿಟ್ಟಳು. ಭಾನುವಾರದೊಳಗೆ ಮಾಧು ಹಸಿರಾಗಲೇಬೇಕು. ಏನು ಮಾಡಿದರೂ ಸರಿ.

ಸೆಪ್ಟೆಂಬರ್ 12. ಗುರುವಾರ, ಬೆಳಿಗ್ಗೆ 7.10

ಬರೆಯಲು ನಾಚಿಕೆ. ವಾಸ್ತು ಮಾಡಿಸಿದೆ. ಬಚ್ಚಲನ್ನು ಈಶಾನ್ಯದಿಂದ ಕಿತ್ತು ವಾಯವ್ಯಕ್ಕೆ ಹಾಕಿದೆ. ಮಲಗುವ ಕೋಣೆಯ ದಕ್ಷಿಣದ ಬಾಗಿಲು ತೆಗೆದು ಗೋಡೆ ಎಬ್ಬಿಸಿದೆ. ಪೂರ್ವಕ್ಕೆ ಹೊಸ ಬಾಗಿಲು ಇಡಲು ಹೊರಟರೆ ನಮ್ಮಮ್ಮ ಕೈ ಹಿಡಿದಳು. "ಏಳೂವರೆವರೆಗೆ ಯಮಗಂಡ ಕಾಲ ಕಣೋ. ತೆಗೆಯೋದಕ್ಕೆ ದೋಷವಿಲ್ಲ, ಬಾಗಿಲು ಇಡೋದಕ್ಕಿದೆ."

ಏಳೂವರೆಗೆ ನಾನು ಸ್ಕೂಲಿನಲ್ಲಿರಬೇಕು, ಪರೀಕ್ಷೆ ಡ್ಯೂಟಿ. ಸಂಜೆ ಬಂದು ಇಡುತ್ತೇನೆ. ಮಾಧು ಒಳಗೆ ಮಲಗಿದ್ದಾಳೆ. ಮಲಗಲಿ ಪಾಪ, ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ಗೇಮ್ ನಿಲ್ಲಿಸಲು ಹೋದರೆ ನಮ್ಮಮ್ಮನೇ ಬೇಡವೆಂದಳು. "ಹಾಗೇ ಇರ್ಲಿ ಬಿಡು. ವಾಸ್ತು ಹೇಗೆ ಕೆಲ್ಸ ಮಾಡತ್ತೆ ನಾನು ನೋಡ್ತಿರ್ತೀನಿ."

ಅದೇ ದಿನ, ಸಂಜೆ 5

ಮಾಧು ಸತ್ತಿದ್ದಾಳೆ.

ಕೋಣೆಯ ಮಧ್ಯೆ ಒಂದು ಕಲ್ಲು ನೆಟ್ಟಿದೆ. ಹಸಿವಿನಿಂದ ಸತ್ತಳು ಎಂದು ಬರೆದಿದೆ. ಎಂಥ ಮುಠ್ಠಾಳ ನಾನು! ಬಾಗಿಲಿಲ್ಲದ ಕೋಣೆ. ನಾವು ಒಂದು ದಿನ ಕಳೆಯುವಷ್ಟರಲ್ಲಿ ಅವರದು ಎಷ್ಟೋ ದಿನ ಕಳೆಯುತ್ತದೆ. ಊಟವಿಲ್ಲ, ಬಚ್ಚಲಿಲ್ಲ. ಗೋಡೆಯಾಚೆ ರಾಘು ಪೇಪರ್ ಓದುತ್ತಿದ್ದ.

ನಮ್ಮಮ್ಮ ನಡುಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು.

"ನೀನು ನೋಡ್ತಿರ್ತೀನಿ ಅಂದ್ಯಲ್ಲಮ್ಮ!"

"ನೋಡ್ದೆ ಕಣೋ. ಎದ್ದು ನನ್ನ ಕಡೆಗೇ ಕೈ ಬೀಸ್ತಿದ್ಲು. ಬಹಳ ಹೊತ್ತು ಬೀಸಿದ್ಲು. ಖುಷಿಯಾಗಿದ್ದಾಳೆ, ಪಾಪ, ಅಂತ ನಾನೂ ಬೀಸಿದೆ."

ಗಾಬರಿಯಲ್ಲಿ ಗೇಮ್ ಮುಚ್ಚಲು ಹೋದೆ. ಸೇವ್ ಮಾಡಲೇ ಎಂದು ಕೇಳಿತು, ಯೆಸ್ ಒತ್ತಿದೆ. ಮಾರ್ಕ್ಸ್ ಎಂಟ್ರಿ ಮಾಡಿ ಮಾಡಿ ಬಂದ ಅಭ್ಯಾಸ. ಕಂಪ್ಯೂಟರ್ ಟೀಚರ್ ಶಿವಕುಮಾರ್ ಅವರಿಗೆ ಫೋನ್ ಮಾಡಿ ಕೇಳಿದೆ, ಯಾರಿಗೆ ಎಂದು ಹೇಳದೆ. "ಅಯ್ಯೋ ಸಾರ್, ನೋ ಒತ್ತಿದ್ರೆ ಬೆಳಿಗ್ಗೆ ಇದ್ದ ಹಾಗೇ ಸಿಕ್ಕಿರೋದು," ಎಂದರು.

ಸೆಪ್ಟೆಂಬರ್ 13. ಶುಕ್ರವಾರ

ಪೇಪರ್ ತಿದ್ದಲು ಕೂತೆ. ಆಗುತ್ತಿಲ್ಲ.

ಮೂರು ವರ್ಷದ ಹಿಂದೆ ಈ ಮನೆಯಲ್ಲೂ ವಾಸ್ತು ಆಯಿತು. ನಾನೂ ಮಾಧವಿಯೂ ಮಲಗುತ್ತಿದ್ದ ರೂಮಿನ ದಕ್ಷಿಣದ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದಳು ನಮ್ಮಮ್ಮ. ಆ ಬಾಗಿಲಾಚೆ ಸಣ್ಣ ಜಗಲಿ. ಮಾಧವಿ ಬೆಳಗಿನ ಕಾಫಿ ಅಲ್ಲಿ ಕೂತು ಕುಡಿಯುತ್ತಿದ್ದಳು. "ನನಗೆ ಉಸಿರಾಡೋಕಿರೋದು ಅದೊಂದೇ ಜಾಗ ರೀ. ಬೇಡ ಅನ್ನಿ ನಿಮ್ಮಮ್ಮಂಗೆ." ವಾಸ್ತುವನ್ನು ನಂಬದ ಮ್ಯಾಥ್ಸ್ ಮೇಷ್ಟ್ರು ಏನೆಂದೆ? "ಒಂದು ಬಾಗಿಲು ತಾನೇ. ಅಡ್ಜಸ್ಟ್ ಮಾಡ್ಕೋ." ಅಡ್ಜಸ್ಟ್ ಮಾಡಿಕೊಂಡಳು, ಎರಡು ವರ್ಷ. ಆಮೇಲೆ ಮಗಳನ್ನು ಕರೆದುಕೊಂಡು ಮುಂಬಾಗಿಲಿನಿಂದ ಹೊರಟುಹೋದಳು. ಯಾಕೆ ಹೋದಳೋ ಗೊತ್ತಾಗಲಿಲ್ಲ ಎಂದು ಕೋರ್ಟಿನಲ್ಲಿ ಬರೆದುಕೊಟ್ಟಿದ್ದೇನೆ. ಥೂ.

ಸೆಪ್ಟೆಂಬರ್ 14. ಶನಿವಾರ

ಇನ್ನೊಬ್ಬ ಮಾಧುವನ್ನು ಮಾಡಿದೆ. ಅದೇ ಮುಖ, ಅದೇ ಜಡೆ, ಅದೇ ಹಸಿರು ಬಟ್ಟೆ. ಕಲ್ಲು ತೆಗೆದುಹಾಕಿದೆ. ದಕ್ಷಿಣದ ಬಾಗಿಲು ಮೊದಲಿನ ಜಾಗದಲ್ಲೇ ಇಟ್ಟೆ. ನಮ್ಮಮ್ಮ ಬಾಯಿ ತೆರೆದಳು, ನನ್ನ ಮುಖ ನೋಡಿ ಅಡುಗೆಮನೆಗೆ ಹೋದಳು. ಹೊಸ ಮಾಧು ಹಸಿರಾಗಿದ್ದಾಳೆ, ನಗುತ್ತಿದ್ದಾಳೆ. ತನ್ಮಯಿಗೆ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 15. ಭಾನುವಾರ

ಬಂದವಳೇ ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ಕೂತಳು. "ಹಸಿರು! ಹೇಗ್ ಮಾಡ್ದೆ ಅಪ್ಪಾ?" ನನ್ನ ಕೊರಳಿಗೆ ಜೋತುಬಿದ್ದಳು. ನಾನೂ ತಬ್ಬಿಕೊಂಡೆ, ನಾಚಿಕೆಗೆಟ್ಟವನು. ಒಂದು ನಿಮಿಷ ಇತ್ತು ಅದು.

ಪುಟ್ಟಿ ಸ್ಕೂಲಿನಿಂದ ಬಂದಳು. ತನ್ಮಯಿ ಅವಳನ್ನು ಮಾಧುವಿನ ಹತ್ತಿರ ಕಳಿಸಿದಳು, ಅಪ್ಪಿಕೋ ಎಂದು. ಅಪ್ಪಿಕೋ ಎಂಬುದು ಆಜ್ಞೆಗಳ ಪಟ್ಟಿಯಲ್ಲೇ ಇರಲಿಲ್ಲ. ಮಾಧು ಕೈ ಚಾಚಿ ಪುಟ್ಟಿಯ ಕೈ ಕುಲುಕಿದಳು. ಪರಿಚಯ ಮಾಡಿಕೊಂಡಳು.

"ಅಪ್ಪಾ, ಅಮ್ಮ ಪುಟ್ಟೀನ ಗುರುತೇ ಹಿಡೀತಿಲ್ಲ."

ಗೇಮ್ ಹಳೆಯದಾಗಿದೆ, ವೈರಸ್ ಇರಬಹುದು ಎಂದೆಲ್ಲ ಒದರಿದೆ. ಅವಳು ಮಾಧುವಿನ ಮೇಲೆ ಒತ್ತಿ ನೋಡಿದಳು. ಯಾರ ಮೇಲೆ ಎಷ್ಟು ಪ್ರೀತಿ ಎಂದು ತೋರಿಸುವ ಅಂಕಿ ಬಂತು, ಪುಟ್ಟಿಯ ಹೆಸರಿನ ಮುಂದೆ ಸೊನ್ನೆ. ರಾಘುವಿನ ಮುಂದೆ ಸೊನ್ನೆ.

"ಇವಳು ಬೇರೆ. ಅಮ್ಮ ಎಲ್ಲಿ?"

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ. ಹೇಳಿಬಿಟ್ಟೆ, ಬಾಗಿಲು, ಯಮಗಂಡ ಕಾಲ, ಕಲ್ಲು, ಎಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಅವಳು ಕೂಗ್ಲಿಲ್ವಾ?" ಎಂದು ಕೇಳಿದಳು. ಕೂಗಿರಬಹುದು, ನಾನು ಮನೆಯಲ್ಲಿರಲಿಲ್ಲ ಎಂದೆ. ಹನ್ನೊಂದು ಗಂಟೆಗೆ ತಾತನಿಗೆ ಫೋನ್ ಮಾಡಿ ಆಟೋ ತರಲು ಹೇಳಿದಳು. ಅಲ್ಲಿಯವರೆಗೆ ಗೇಟಿನ ಹತ್ತಿರ ನಿಂತಿದ್ದಳು.

ಸೆಪ್ಟೆಂಬರ್ 29. ಭಾನುವಾರ

ಬರಲಿಲ್ಲ. ಎರಡು ಬುಧವಾರ ಫೋನೂ ಇಲ್ಲ.

ಅಕ್ಟೋಬರ್ 3. ಗುರುವಾರ

ಕೌನ್ಸೆಲರ್ ದಾಕ್ಷಾಯಣಮ್ಮ ಅಂತ, ವಯಸ್ಸಾದವರು. ತನ್ಮಯಿಯ ಜೊತೆ ಅರ್ಧ ಗಂಟೆ ಕೂತರು. ನಾನು ಬೆಂಚಿನ ಒಂದು ತುದಿಯಲ್ಲಿ, ಮಾಧವಿ ಇನ್ನೊಂದು ತುದಿಯಲ್ಲಿ. ನೋಡಿದೆ. ದಪ್ಪವಾಗಿದ್ದಾಳೆ. ಮುಖದಲ್ಲಿ ಕಳೆ ಇದೆ. ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತದೇನೋ. ಜಗಲಿಯ ವಿಷಯ ಹೇಳಬೇಕೆಂದುಕೊಂಡೆ, ತಪ್ಪಾಯಿತು ಎಂದು.

ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು.

"ಮಗು ನಿಮ್ಮ ಮೇಲೆ ಒಂದು ಕೆಟ್ಟ ಮಾತೂ ಆಡ್ಲಿಲ್ಲ ರಾಘವ ಅವರೇ. ಅಪ್ಪ ಬೈಯಲ್ಲ, ಹೊಡೆಯಲ್ಲ ಅಂದ್ಲು. ಯಾರಾದ್ರೂ ಕೂಗಿದ್ರೆ ಅಪ್ಪಂಗೆ ಕೇಳ್ಸಲ್ಲ, ಅದಕ್ಕೆ ಅಲ್ಲಿರೋಕೆ ಭಯ ಅಂದ್ಲು. ಏನು ವಿಷಯ ಇದು?"

ಕಂಪ್ಯೂಟರ್ ಗೇಮು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬರೀ ಗೇಮು ಅಲ್ಲ ಮೇಡಂ, ಅವಳು ಹೇಳಿದ್ದು ನಿಜ ಎಂದೆ. ಅದನ್ನೂ ಬರೆದುಕೊಂಡರು. ವಕೀಲರು ಹೊರಗೆ ತಲೆ ಚಚ್ಚಿಕೊಂಡರು. ದಸರಾ ಇಲ್ಲ. ಭಾನುವಾರವೂ ಮಗು ತಾನಾಗಿ ಕೇಳುವವರೆಗೆ ಇಲ್ಲ.

ಅಕ್ಟೋಬರ್ 9. ಬುಧವಾರ, ಸಂಜೆ 7

ಫೋನು! ಮೊದಲ ರಿಂಗಿಗೇ ರಿಸೀವರ್ ಎತ್ತಿದೆ.

"ಅಪ್ಪಾ, ಒಂದು ಕೆಲ್ಸ ಮಾಡ್ತೀಯಾ?"

"ಹೇಳು ಕಂದಾ. ಏನು ಬೇಕಾದ್ರೂ."

"ಪುಟ್ಟೀನ ಡಿಲೀಟ್ ಮಾಡ್ಬಿಡು. ರಾಘು ಇರ್ಲಿ. ಆ ಬೇರೆ ಅಮ್ಮನೂ ಇರ್ಲಿ. ಪುಟ್ಟಿ ಒಬ್ಬಳೇ ಅಲ್ಲಿ ಬೇಡ."

"ಅವಳನ್ನ ಚೆನ್ನಾಗಿ ನೋಡ್ಕೋತೀನಿ. ಸತ್ಯವಾಗ್ಲೂ—"

"ಬೇಡಪ್ಪಾ. ಪ್ರಾಮಿಸ್ ಮಾಡು."

ಮಾಡಿದೆ. ಥ್ಯಾಂಕ್ಸ್ ಅಂದಳು, ಯಾರೋ ಅಂಗಡಿಯವನಿಗೆ ಹೇಳುವ ಹಾಗೆ.

ಅಕ್ಟೋಬರ್ 13. ಭಾನುವಾರ, ಬೆಳಿಗ್ಗೆ 10

ಅವಳು ಬರಬೇಕಾಗಿದ್ದ ಹೊತ್ತು. ಸಂಪಿಗೆ ರಸ್ತೆಯಿಂದ ನಮ್ಮಮ್ಮ ಹಬ್ಬಕ್ಕೆ ಹೂ ತಂದಿದ್ದಾಳೆ, ನನ್ನ ಹತ್ತಿರ ಮಾತಿಲ್ಲ. ನಾನು ಕಂಪ್ಯೂಟರಿನ ಮುಂದೆ. ಮಾತು ಕೊಟ್ಟಿದ್ದೇನೆ, ಇವತ್ತು ಮಾಡಿ ಮುಗಿಸುತ್ತೇನೆ.

ಪುಟ್ಟಿ ಊಟ ಮಾಡುತ್ತಿದ್ದಾಳೆ. ಊಟದ ಮಧ್ಯೆ ಬೇಡ.

10.20

ಊಟ ಆಯಿತು. ತಟ್ಟೆ ತಾನೇ ತೊಳೆದಿಟ್ಟಳು. ಹೋಮ್‌ವರ್ಕಿಗೆ ಕೂತಿದ್ದಾಳೆ. ರಾಘುವನ್ನು ಪೇಪರ್ ಬಿಡಿಸಿ ಅವಳ ಪಕ್ಕ ಕೂರಿಸಿದೆ, ಹೇಳಿಕೊಡು ಎಂದು. ಹೇಳಿಕೊಡುತ್ತಿದ್ದಾನೆ. ಇದು ಮುಗಿಯಲಿ.

10.45

ಹಸಿರು. ಪೂರ್ತಿ ಹಸಿರು, ತುದಿಯವರೆಗೆ. ತನ್ಮಯಿಗೆ ಹೇಳಲು ಇನ್ನು ಬುಧವಾರದ ಫೋನಿಲ್ಲ. ಮಲಗಲು ಹೋದಳು. ಹೊದಿಕೆ ಎಳೆದುಕೊಂಡಳು. ಅಳಿಸುವ ಗುಂಡಿಯ ಮೇಲೆ ಮೌಸ್ ಇಟ್ಟಿದ್ದೇನೆ. ಯೆಸ್, ನೋ, ಎರಡೇ ಕೇಳುತ್ತಿದೆ. ನಿದ್ದೆ ಹೋದ ಮಗುವನ್ನು... ಏಳಲಿ. ಎದ್ದ ಮೇಲೆ ಒಂದು ಲೋಟ ಹಾಲು ಕುಡಿಸಿ, ತಲೆ ಬಾಚಿ, ಆಮೇಲೆ...