ಸಹಿ ಮುಗಿದ ಮೇಲೆ

ತಿಪಟೂರು
೮ ಮೇ ೧೯೯೭, ಗುರುವಾರ

ಪ್ರೀತಿಯ ವಾಸಿಫ್,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಂಚೆ ಒಂದು ಮಾತು. ಭಾನುವಾರ ನಿಮ್ಮ ಕಾರ್ಖಾನೆಯ ಫುಟ್‌ಬಾಲ್ ತಂಡ ನಮ್ಮ ಮೇಲೆ ಆಡಲು ಇಲ್ಲಿಗೆ ಬರುವ ಮೊದಲು ಈ ಕಾಗದವನ್ನು ಪೂರ್ತಿ ಓದು. ನಡುವೆ ಸಿಟ್ಟು ಬಂದು ಹರಿದು ಹಾಕಬೇಕು ಅನ್ನಿಸೀತು. ಕೊನೆಯವರೆಗೆ ಓದಿ ಆಮೇಲೆ ಹರಿ. ಅಂಚೆಗೆ ಹಾಕಿದರೆ ನಿನಗೆ ಸೋಮವಾರ ಸಿಗುತ್ತದೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಿಮ್ಮಪ್ಪ ಶನಿವಾರ ಬೆಳಗಿನ ರೈಲಿಗೆ ಗ್ಯಾರೇಜಿನ ಸಾಮಾನು ತರಲು ತುಮಕೂರಿಗೆ ಬರುತ್ತಾರಂತೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಎಂಬುದು ನಿನಗೆ ಗೊತ್ತಿರಲಾರದು. ಬಕ್ರೀದಿಗೂ ನಿನಗೆ ರಜೆ ಸಿಗಲಿಲ್ಲ. ನಿಮ್ಮಪ್ಪನಂತೂ ಬಾಯಿ ಬಿಟ್ಟಿಲ್ಲ. "ಹೊಸ ಕೆಲ್ಸ, ಅವನ ತಲೆ ಕೆಡಿಸ್ಬ್ಯಾಡ ಕಣಪ್ಪ" ಎಂದು ನನಗೂ ಹೇಳಿದ್ದರು. ಅವರ ಮಾತನ್ನು ಇವತ್ತು ಮೀರುತ್ತಿದ್ದೇನೆ.

ಏಪ್ರಿಲ್ ಮೊದಲ ವಾರ ನಮ್ಮ ಗೆಳೆಯರ ಬಳಗ ತಂಡದ ಈ ವರ್ಷದ ಆಟಗಾರರ ಪಟ್ಟಿಯನ್ನು ಮೈದಾನದ ಗೇಟಿಗೆ ಅಂಟಿಸಿದೆವು. ಮೊದಲು ಬಂದು ನೋಡಿದವರು ಗಂಗಯ್ಯನವರು. ನಮ್ಮ ಒಂದು ಆಟವನ್ನೂ ತಪ್ಪಿಸದೆ, ಗೋಲಿನ ಹಿಂದೆ ಗೋಣಿಚೀಲ ಹಾಸಿಕೊಂಡು ಕೂರುವ ಆ ಮುದುಕರು ಕನ್ನಡಕ ಒರೆಸಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು. ಆಮೇಲೆ ನನ್ನ ಹತ್ತಿರ ಬಂದು, "ಒಂಬತ್ತನೇ ನಂಬರು ಬರೆಯೋದು ಮರ್ತಿದೀರಿ ಕಣಪ್ಪ" ಎಂದರು. ನಿನ್ನ ನಂಬರು ಅದು. ನಾನು ನೆಲ ನೋಡಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚೀಲ ಸುತ್ತಿಕೊಂಡು ಮನೆಗೆ ಹೋದರು. ಆ ದಿನ ಅಭ್ಯಾಸ ನೋಡಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಅಧ್ಯಕ್ಷ ಚಿತ್ತಪ್ಪನವರು ತಮ್ಮ ಕೊಬ್ಬರಿ ಮಂಡಿಯ ಜಗಲಿಯ ಮೇಲೆ ನಿಂತು, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು. "ನಮ್ಮ ತಂಡಕ್ಕೆ ಹಾಕಿದ್ದ ಮೂರು ವರ್ಷದ ಸಹಿ ಮಾರ್ಚ್ ಮೂವತ್ತೊಂದಕ್ಕೆ ಮುಗೀತು. ಮಾರನೇ ದಿನವೇ ಹೊಂಟೋದ. ನಾವು ಬೆಳೆಸಿದ ಹುಡುಗನ್ನ ಅವರು ಪುಕ್ಕಟೆ ಎತ್ಕಂಡೋದ್ರು. ಹೋಗಲಿ ಬುಡಿ, ಇನ್ನೂ ಚಿಕ್ಕವನು, ಅವನಿಗೂ ಹೊಟ್ಟೆಪಾಡು ಐತೆ. ಆದ್ರೆ ಒಂದ್ ಮಾತು ಹೇಳಿ ಹೋಗಬಾರ್ದಿತ್ತಾ?"

ಜನರಿಗೆ ನಾಟಿದ್ದು ಆ ಕೊನೆಯ ಮಾತು. ನೀನು ಹೋಗಿದ್ದಕ್ಕಿಂತ ಹೇಳದೆ ಹೋಗಿದ್ದು. ಬೇಯಿಸಿದ ಕಡಲೇಕಾಯಿ ಮಾರುವ ಶಿವರುದ್ರಮ್ಮ ನಿನ್ನ ಪಾಲಿನ ಪೊಟ್ಟಣವನ್ನು ಯಾರಿಗೂ ಮಾರದೆ ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದರಲ್ಲ, ಅವರೇ ಈಗ ನಿನ್ನ ಹೆಸರೆತ್ತಿದರೆ ಬುಟ್ಟಿ ಎತ್ತಿಕೊಂಡು ಆಚೆ ಹೋಗುತ್ತಾರೆ. ನಮ್ಮ ಗೋಲ್‌ಕೀಪರ್ ಈರೇಶ ಮೂರು ದಿನ ಅಭ್ಯಾಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದು, ನಿನ್ನ ಹಳೆಯ ಜರ್ಸಿಯಿಂದ ಎಲ್ಲರೆದುರಿಗೆ ಬೂಟು ಒರೆಸಿಕೊಂಡ. ಒರೆಸುವಾಗ ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ್ದು ನಾನೊಬ್ಬನೇ ಇರಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಸಿಟ್ಟು ನಿಮ್ಮಪ್ಪನ ಗ್ಯಾರೇಜಿಗೆ ತಿರುಗಿತು. ಈರೇಶ ರಿಪೇರಿಗೆ ಬಿಟ್ಟಿದ್ದ ಲೂನಾವನ್ನು ಅರ್ಧಕ್ಕೇ ತಳ್ಳಿಕೊಂಡು ಹೋದ. ಅವನನ್ನು ನೋಡಿ ಇನ್ನಿಬ್ಬರು, ಅವರನ್ನು ನೋಡಿ ಮತ್ತೆ ನಾಲ್ವರು. ಏಪ್ರಿಲ್ ಕೊನೆಯ ಹೊತ್ತಿಗೆ ನಿಮ್ಮಪ್ಪ ಬೆಳಗ್ಗೆ ಬಾಗಿಲು ತೆಗೆದು, ಒರೆಸಿದ ಸ್ಪ್ಯಾನರುಗಳನ್ನೇ ಮತ್ತೆ ಒರೆಸುತ್ತಾ ಕೂರುತ್ತಿದ್ದರು. ಒಂದು ಬೆಳಗ್ಗೆ ಷಟರಿನ ಮೇಲೆ ಯಾರೋ ಟಾರಿನಲ್ಲಿ "೯" ಎಂದು ಬರೆದು ಅಡ್ಡಗೆರೆ ಎಳೆದಿದ್ದರು. ನಾನು ಹೋಗುವ ಹೊತ್ತಿಗೆ ನಿಮ್ಮಪ್ಪ ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು.

ಕಳೆದ ಸೋಮವಾರ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬ, "ಆ ಜನವೇ ಹಂಗೆ ಕಣ್ಲಾ, ಎಷ್ಟ್ ಮಾಡಿದ್ರೂ ನಮ್ಮೋರಾಗಲ್ಲ" ಅಂದ. ಹೆಸರು ಬೇಡ. ಹೋದ ವರ್ಷ ಚಿಕ್ಕನಾಯಕನಹಳ್ಳಿಯಲ್ಲಿ ನೀನು ಫೈನಲ್ಲಿನ ಎರಡನೇ ಗೋಲು ಹೊಡೆದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದವನೇ ಅವನು. ಆಗ "ನಮ್ ವಾಸಿಫ, ನಮ್ ವಾಸಿಫ" ಎಂದು ಅವನ ಗಂಟಲು ಬಿದ್ದುಹೋಗಿತ್ತು. ಬೆಂಚಿನಲ್ಲಿದ್ದ ಐದು ಜನರಲ್ಲಿ ಒಬ್ಬರೂ ಅವನಿಗೆ ಎದುರು ಮಾತಾಡಲಿಲ್ಲ. ಐದನೆಯವನು ನಾನು. ಟೀ ಕುಡಿದು ಎದ್ದು ಬಂದೆ.

ನಿನ್ನೆಯ ಅಭ್ಯಾಸದ ಮೇಲೆ ಈರೇಶ ನಮ್ಮನ್ನೆಲ್ಲ ತೆಂಗಿನ ಮಟ್ಟೆಯ ರಾಶಿಯ ಹಿಂದೆ ಕರೆದ. "ಭಾನುವಾರ ಅವನು ನಡ್ಕಂಡು ಆಚೆ ಹೋಗಬಾರ್ದು. ಎಡಗಾಲು, ಮೊಣಕಾಲು. ಎಲ್ಲಿ ನೋವೈತೆ ಅಂತ ನಮಗಿಂತ ಚೆನ್ನಾಗಿ ಯಾರಿಗ್ ಗೊತ್ತು?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀನು ಸ್ಟಾಪರ್. ನೀನೇ ಅವನನ್ನ ಹಿಡಿಯೋನು. ನೀನೇ ಮಾಡ್ಬೇಕು ಕಣ್ಲಾ ಓಬಳೇಶ" ಎಂದ. ಹತ್ತು ಜನ ನನ್ನ ಮುಖ ನೋಡುತ್ತಿದ್ದರು. ನಾನು ಆಗಲಿ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಕ್ಯಾಪ್ಟನ್ ಆದವನು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಹಾಗೇ ತಿಳಿದು ಎದ್ದು ಹೋದರು.

ಈಗ ನೀನು ಕೇಳುತ್ತೀಯ, ಸಭೆಯಲ್ಲಿ ನನ್ನ ಕಾಗದ ಕೇಳಿದ ಮೇಲೂ ಇವರಿಗೆ ಇಷ್ಟು ಸಿಟ್ಟೇ ಎಂದು.

ವಾಸಿಫ್, ನಿನ್ನ ಕಾಗದವನ್ನು ನಾನು ಓದಲಿಲ್ಲ.

ಮಾರ್ಚ್ ಮೂವತ್ತರ ವಾರ್ಷಿಕ ಸಭೆಯ ಹಿಂದಿನ ದಿನ ನೀನು ಅದನ್ನು ನನ್ನ ಕೈಗೆ ಕೊಟ್ಟು, "ಇವರ ಮುಂದೆ ನಿಂತ್ಕಂಡ್ರೆ ನಾನು ಅತ್ತುಬಿಡ್ತೀನಿ, ನೀನು ಓದು" ಎಂದಿದ್ದೆ. ಸಭೆಗೆ ಅರವತ್ತು ಜನ ಸೇರಿದ್ದರು. ಕಾಗದ ಅಂಗಿ ಜೇಬಿನಲ್ಲಿತ್ತು. ಚಿತ್ತಪ್ಪನವರು ಕುರ್ಚಿಯಲ್ಲಿ ಕೂತು, "ಯಾರಾದ್ರೂ ಮಾತಾಡೋದೈತಾ?" ಎಂದು ಕೇಳಿದರು. ನಾನು ಏಳಲಿಲ್ಲ. ಡಿಸೆಂಬರಿನಿಂದ ನೀನು ಮೂರು ಸಲ ಅವರ ಮಂಡಿಗೆ ಹೋಗಿ, ಕೊಬ್ಬರಿ ತೂಗುವ ಕೆಲಸವಾದರೂ ಸರಿ, ಆಟ ನಿಂತ ಮೇಲೂ ಉಳಿಯುವ ಒಂದು ಕೆಲಸ ಕೊಡಿ, ಇನ್ನೂ ಮೂರು ವರ್ಷಕ್ಕೆ ಸಹಿ ಹಾಕುತ್ತೇನೆ ಎಂದು ಕೇಳಿದ್ದು, ಅವರು ಮೂರು ಸಲವೂ "ನೋಡಾಣ" ಎಂದು ಕಳಿಸಿದ್ದು, ಎಲ್ಲವೂ ಅದರಲ್ಲಿತ್ತು. ನಾನು ಅದೇ ಮಂಡಿಯ ಗುಮಾಸ್ತ. ಅವರೆದುರಿಗೆ ಅದನ್ನು ಓದುವ ಧೈರ್ಯ ನನಗೆ ಬರಲಿಲ್ಲ. ಏಪ್ರಿಲ್ ಒಂದಕ್ಕೆ ರೈಲು ಹತ್ತುವಾಗ ನೀನು "ಓದಿದ್ಯಾ?" ಎಂದು ಕೇಳಿದೆ. ನಾನು ಹೂಂ ಎಂದೆ. "ಏನಂದ್ರು?" ಎಂದು ನೀನು ಕೇಳಿದೆ. "ಎಲ್ರೂ ಸುಮ್ನಿದ್ರು" ಎಂದು ನಾನು ಹೇಳಿದೆ.

ಅಂದಿನಿಂದ ನೀನು ಊರಿಗೆ ವಿಷಯ ತಿಳಿಸಿ ಹೋದವನು ಎಂದುಕೊಂಡು ಅಲ್ಲಿದ್ದೀಯ. ಊರು ನೀನು ಹೇಳದೆ ಓಡಿದವನು ಎಂದುಕೊಂಡು ಇಲ್ಲಿದೆ. ಭಾನುವಾರ ನಗುತ್ತಾ ಬಸ್ಸಿಳಿದು ನೀನು ನೇರವಾಗಿ ಗಂಗಯ್ಯನವರ ಹತ್ತಿರ ಹೋಗುತ್ತೀಯ ಎಂಬುದು ನನಗೆ ಗೊತ್ತು. ಅದನ್ನು ನೆನೆದೇ ಇವತ್ತು ಮಧ್ಯಾಹ್ನ ಮಂಡಿಯಲ್ಲಿ ಊಟ ಬಿಟ್ಟು ಇದನ್ನು ಬರೆಯಲು ಕೂತೆ.

ನಾಳೆ ಸಂಜೆ ಅಭ್ಯಾಸಕ್ಕೆ ಎಲ್ಲರೂ ಬರುತ್ತಾರೆ, ಚಿತ್ತಪ್ಪನವರೂ ಬರುತ್ತಾರೆ. ಓದುತ್ತೇನೆ. ಓದಿದ ಮೇಲೆ ಏನಾಯಿತೆಂದು ಕೆಳಗೆ ಬರೆಯುತ್ತೇನೆ. ಕೆಳಗೆ ಏನೂ ಇಲ್ಲದಿದ್ದರೆ ನಾನು ಮತ್ತೆ ಹೆದರಿದೆ ಎಂದು ತಿಳಿ. ಆಗ ಕಾಲಿಗೆ ನೋವು ಎಂದು ಹೇಳಿ ಅಲ್ಲೇ ಉಳಿದುಬಿಡು, ಬರಬೇಡ.

೯ ಮೇ, ಶುಕ್ರವಾರ ರಾತ್ರಿ

ಓದಿದೆ.

ಅಭ್ಯಾಸ ಶುರುವಾಗುವ ಮುಂಚೆಯೇ ಎಲ್ಲರನ್ನೂ ನಡುಗೆರೆಯ ಹತ್ತಿರ ಕರೆದೆ. ಆಟಗಾರರಲ್ಲದೆ ನೋಡಲು ಬಂದವರು ಮೂವತ್ತು ಜನ ಇದ್ದರು. "ಇದು ವಾಸಿಫ್ ಕಾಗದ. ಮಾರ್ಚಿನಲ್ಲಿ ನಿಮಗೆ ಬರೆದಿದ್ದು. ನಾನು ಕೊಡಲಿಲ್ಲ" ಎಂದು ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನಡುವೆ ನಿಲ್ಲಿಸುತ್ತಿದ್ದೆನೋ ಏನೋ. ಚಿತ್ತಪ್ಪನವರ ಹೆಸರು ಬಂದ ಕಡೆ ನನ್ನ ದನಿ ಇಳಿಯಿತು. ಹಿಂದಿನಿಂದ ಯಾರೋ "ಗಟ್ಟಿಯಾಗಿ ಓದ್ಲಾ" ಎಂದರು. ಗಟ್ಟಿಯಾಗಿ ಓದಿದೆ. ಇನ್ನೆರಡು ವರ್ಷ ಆಡಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದು, ಕಾರ್ಖಾನೆಯವರು ಆಟ ಮುಗಿದ ಮೇಲೂ ಕೆಲಸ ಕೊಡುತ್ತಾರೆ ಎಂಬುದು, ನಿನಗೆ ಮೊದಲ ಬೂಟು ಕೊಡಿಸಿದ್ದು ಗಂಗಯ್ಯನವರು ಎಂದು ಯಾರಿಗೂ ಗೊತ್ತಿಲ್ಲದಿದ್ದುದು, ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದೆ. "ಬೇರೆ ಬಣ್ಣದ ಅಂಗಿಯಲ್ಲಿ ನಿಮ್ಮೆದುರು ಬಂದಾಗ ಬೈಯಿರಿ, ಆದರೆ ಮುಖ ತಿರುಗಿಸಬೇಡಿ" ಎಂದು ಬರೆದಿದ್ದೆಯಲ್ಲ, ಅದನ್ನು ಓದುವಾಗ ಈರೇಶ ಗ್ಲೌಸು ಬಿಚ್ಚಿ ಕೆಳಗೆ ಹಾಕಿದ.

ಮುಗಿದ ಕೂಡಲೇ ನನ್ನ ಕೊರಳಪಟ್ಟಿ ಹಿಡಿದವನೂ ಅವನೇ. "ಇಷ್ಟು ದಿನ ಜೇಬಲ್ಲಿಟ್ಕಂಡಿದ್ಯೇನ್ಲಾ? ಮೊನ್ನೆ ಅವನ ಕಾಲು ಮುರೀಬೇಕು ಅಂತ ನಾನು ಹೇಳ್ತಿದ್ರೆ, ನೀನು ಕಲ್ಲಂಗೆ ಕೂತಿದ್ಯೇನ್ಲಾ?" ಎಂದು ಕೂಗಿದ. ಹೊಡೆದ. ಒಂದೇ ಏಟು, ತುಟಿ ಒಡೆಯಿತು. ನಾನು ಕೈ ಎತ್ತಲಿಲ್ಲ. ಬಿಡಿಸಲು ಯಾರೂ ಅವಸರ ಮಾಡಲಿಲ್ಲ.

ಜನ ಚಿತ್ತಪ್ಪನವರ ಕಡೆ ನೋಡಿದರು. ಅವರು, "ನಾನೇನು ಕೊಡಲ್ಲ ಅಂದಿದ್ನಾ? ನೋಡಾಣ ಅಂದಿದ್ದೆ" ಎಂದರು. ಶಿವರುದ್ರಮ್ಮ ಬುಟ್ಟಿ ಇಳಿಸಿ, "ಮೂರ್ ತಿಂಗಳು ಏನ್ ನೋಡಿದ್ರಿ ಸ್ವಾಮಿ?" ಎಂದು ಕೇಳಿದರು. ಯಾರೋ ನಕ್ಕರು. ಚಿತ್ತಪ್ಪನವರು ಪಂಚೆ ಕೊಡವಿಕೊಂಡು ಎದ್ದು ನನ್ನ ಹತ್ತಿರ ಬಂದು, "ನಾಳೆಯಿಂದ ಮಂಡಿಗೆ ಬರಬ್ಯಾಡ" ಎಂದು ಮೆತ್ತಗೆ ಹೇಳಿ ಹೋದರು. ಕ್ಯಾಪ್ಟನ್ ಪಟ್ಟಿಯನ್ನು ನಾನೇ ಬಿಚ್ಚಿ ಈರೇಶನ ಕೈಗೆ ಕೊಟ್ಟೆ. ಭಾನುವಾರ ನಾನು ಆಡುವುದಿಲ್ಲ.

ಎಲ್ಲ ಸರಿಹೋಯಿತು ಎಂದುಕೊಂಡು ಬರಬೇಡ. ಟೀ ಅಂಗಡಿಯಲ್ಲಿ ಮಾತಾಡಿದವನು ಅರ್ಧಕ್ಕೇ ಎದ್ದು ಹೋದ. ಗಂಗಯ್ಯನವರು ಕಾಗದವನ್ನು ನನ್ನಿಂದ ಇಸಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು. "ಬರೆದಿರೋದು ಚೆನ್ನಾಗೈತೆ. ಆದ್ರೂ ಮುಖ ತೋರ್ಸಿ ಹೋಗ್ಬೇಕಿತ್ತು ಕಣಪ್ಪ. ನಾನೇನು ಅವನನ್ನ ಕಟ್ಟಿಹಾಕ್ತಿದ್ನಾ?" ಎಂದರು. ಅವರ ದನಿಯಲ್ಲಿ ಇನ್ನೂ ನೋವಿದೆ. ಅದನ್ನು ನೀನೇ ಬಂದು ಕೇಳಬೇಕು, ನನ್ನಿಂದಾಗದು.

ಮೈದಾನದಿಂದ ಬರುವಾಗ ಗ್ಯಾರೇಜಿನ ಮುಂದೆ ನಿಂತೆ. ಈರೇಶ ಅಷ್ಟರಲ್ಲೇ ಲೂನಾ ತಳ್ಳಿಕೊಂಡು ಬಂದಿದ್ದ. ನಿಮ್ಮಪ್ಪ, "ಏನಾಗೈತಪ್ಪ?" ಎಂದು ಕೇಳಿದರು. "ಬ್ರೇಕ್ ನೋಡಿ ಸಾಬ್ರೆ." ಅವರು ಹಿಡಿದು, ಬಿಟ್ಟು ನೋಡಿ, "ಬ್ರೇಕ್ ಚೆನ್ನಾಗೈತಲ್ಲ" ಎಂದರು. "ಆದ್ರೂ ನೋಡಿ" ಎಂದು ಅವನು ಟೂಲ್ ಬಾಕ್ಸಿನ ಮೇಲೆ ಕೂತ. ಕತ್ತಲಾಗುವವರೆಗೂ ಏಳಲಿಲ್ಲ.

ಹಾಗಾಗಿ ಬಾ. ಕೆಲವರು ಕೂಗುತ್ತಾರೆ, ಕೂಗಲಿ. ಮೊಣಕಾಲಿಗೆ ಬಟ್ಟೆ ಬಿಗಿಯಾಗಿ ಕಟ್ಟಿಕೋ. ಬೇಕಂತ ನಿನ್ನ ಕಾಲಿಗೆ ಬರುವವರು ನಮ್ಮ ತಂಡದಲ್ಲಿ ಯಾರೂ ಇಲ್ಲ ಎಂದು ಈರೇಶ ನಿನಗೆ ಬರೆಯಲು ಹೇಳಿದ್ದಾನೆ. ಗೋಲು ಹೊಡೆಯಲು ಬಿಡುವುದೂ ಇಲ್ಲವಂತೆ, ಅದನ್ನೂ ಬರೆಯಲು ಹೇಳಿದ್ದಾನೆ.

ನನ್ನನ್ನು ನೀನು ಮಾತಾಡಿಸದಿದ್ದರೆ ಅದು ನ್ಯಾಯವೇ. ನಾನು ಗೇಟಿನ ಹತ್ತಿರ ಇರುತ್ತೇನೆ.

ನಿನ್ನ ಗೆಳೆಯನೆಂದು ಇನ್ನೂ ಬರೆಯಬಹುದಾದರೆ,
ಓಬಳೇಶ್

ತಾ.ಕ.: ಚಿತ್ತಪ್ಪನವರಿಗೆ ಹೆದರಿ ಓದಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಮೈದಾನದಲ್ಲೂ ಅದನ್ನೇ ಹೇಳಿದೆ. ಅದು ಅರ್ಧ ನಿಜ. ಜನವರಿಯಲ್ಲಿ ನಿಮ್ಮ ಕಾರ್ಖಾನೆಯವರು ಆಟಗಾರರನ್ನು ಆರಿಸಿದ್ದು ಎರಡು ದಿನ. ಮೊದಲ ದಿನ ನೀನು ಹೋಗಿದ್ದೆ. ಎರಡನೆಯ ದಿನ, ಹಂದನಕೆರೆಗೆ ಅವ್ವನನ್ನು ನೋಡಲು ಹೋಗುತ್ತೇನೆಂದು ಮಂಡಿಯಲ್ಲಿ ಸುಳ್ಳು ಹೇಳಿ ನಾನೂ ಹೋಗಿದ್ದೆ. ಇಪ್ಪತ್ತು ನಿಮಿಷ ಆಡಿಸಿ, ಸಾಕು ಎಂದು ಕಳಿಸಿದರು. ನೀನು ಆ ಕಾಗದ ಕೈಗಿಟ್ಟಾಗಲೇ ನಿನ್ನನ್ನು ತೆಗೆದುಕೊಂಡರೆಂದು ನನಗೆ ಗೊತ್ತಾದದ್ದು. ಜನ ನಿನ್ನನ್ನು ಬೈಯುವುದನ್ನು ಕೇಳಲು ಮೊದಲ ಕೆಲವು ದಿನ ನನಗೆ ಹಿತವಾಗಿತ್ತು, ವಾಸಿಫ್. ನನ್ನನ್ನು ತೆಗೆದುಕೊಂಡಿದ್ದರೆ ನಾನು ಯಾರಿಗೂ ಒಂದು ಸಾಲನ್ನೂ ಬರೆಯದೆ ಹೋಗಿಬಿಡುತ್ತಿದ್ದೆ.